ಡಬ್ಬಿ ಬಡಿಯೋ ಮುಂಚೆ

ಥಂಡಿಗೆ ತಗಡಿನ ಡಬ್ಬಿನೂ ಸೆಟೆದೈತಿ.
ಈಗ ಬಡಿದ್ರ ಬೆರಳು ಒಡೀತಾವ ಅನ್ನೋ ನೆಪಕ್ಕ
ಇನ್ನೊಂದೀಟು ಕುಂತೆ,
ಮೂರನೇ ಹೊಂಡದ ಒಡ್ಡಿನ ಮ್ಯಾಲ, ತೌಡಿನ ಚೀಲ ಹೊದ್ದು.

ಕಾರಟಗಿ ದಾಟಿ, ಎಡದಂಡಿ ಕಾಲಿವಿ ದಾಟಿ,
ಕ್ಯಾಂಪಿನ ಕಡೀ ಮನಿ ದಾಟಿದ್ರ ಆರು ಹೊಂಡ.
ನಾ ಸಣ್ಣಾಕಿದ್ದಾಗ ಸವಳು ನೆಲ. ಈಗ ಕಟ್ಲಾ, ರೋಹು.
ಮೀನು ವೀರ್ರಾಜು ಸಾವ್ಕಾರಂದು,
ನೀರು ಕಾಲಿವೀದು,
ಸಪ್ಪಳ ನಂದು:
ಹಕ್ಕಿ ಓಡಿಸಾಕ ದಿನಕ್ಕ ಮುನ್ನೂರು.

ಎಸರಿಟ್ಟಂಗ ನೀರು ಹೊಗಿ ಬಿಡಾಕತ್ತೈತಿ.
ಹೊಗಿಯೊಳಗ ಮೊದಲ ಕಾಣೋದು ನೀರುಕಾಗಿ ಕುತ್ತಿಗಿ.
ಒಂದು, ಎರಡು, ಹನ್ನೊಂದು.
ಮುಳುಗಿದ್ದು ಎಲ್ಲೇಳ್ತೈತಿ ಅಂತ
ನನ್ನೊಳಗ ನಾನ ಪಂತ ಕಟ್ಟಿ
ಸೋತೆ, ನಾಕು ಸಲ.

ಬೆಳ್ಳಕ್ಕಿ ರೇಶನ್ ಅಂಗಡಿ ಸಾಲಿನಾಗ ನಿಂತಂಗ,
ಒಬ್ಬರ ಮಾರಿ ಒಬ್ಬರು ನೋಡದಂಗ.
ಚಮಚದ ಕೊಕ್ಕಿನವು ಎರಡು, ನಿನ್ನೆ ಬಂದಾವ,
ತಲಿ ಅತ್ತಾಗ ಇತ್ತಾಗ ಆಡಿಸಿ ಕೆಸರು ಸೋಸ್ತಾವ,
ನಮ್ಮವ್ವ ಮರದಾಗ ಜೋಳ ಹಸನು ಮಾಡಿದಂಗ.

ಆಚಿ ಕೂಳಿಗದ್ದ್ಯಾಗ ಪಟ್ಟಿತಲೀ ಬಾತು.
ನೂರಿದ್ದಾವು. ಮೀನು ಮುಟ್ಟಂಗಿಲ್ಲ,
ಅದಕ್ಕ ನನ್ನ ಲೆಕ್ಕಕ್ಕ ಬರಂಗಿಲ್ಲ.
ಹಿಮಾಲಯ ದಾಟಿ ಬರ್ತಾವಂತ, ಸಾಲಿ ಮಾಸ್ತರ ಹೇಳಿದ.
ಅಷ್ಟು ದೂರದಿಂದ, ನಮ್ಮ ಗದ್ದ್ಯಾಗ ಉದುರಿದ ಕಾಳಿಗೆ!
ನಾ ಇನ್ನೂ ಹೊಸಪೇಟಿ ದಾಟಿಲ್ಲ.

ನರಿ ಒಂದು ಒಡ್ಡು ಹಿಡಿದು ಹೊಂಟೈತಿ,
ನಮ್ಮ ಹಂಪಯ್ಯ ರೈಸ್ ಮಿಲ್ಲಿನ ರಾತ್ರಿ ಪಾಳಿ ಮುಗಿಸಿ ಬರೂವಂಗ,
ತಲಿ ತಗ್ಗಿಸಿ, ಯಾರಿಗೂ ಏನೂ ಅನ್ನದ.
ಮುಂಗುಸಿ ಬಿಲದ ಬಾಯಾಗ ಎದ್ದು ನಿಂತು
ಹೊಟ್ಟಿಗೆ ಬಿಸಿಲು ಹಚ್ಚಿಕೊಳ್ತು.

ಆಗ ನಾಕನೇ ಹೊಂಡದ ನೀರು
ಗಾಳಿ ಇಲ್ಲದ ಹೊಳ್ಳಿತು.

ಚಪ್ಪಟಿ ತಲಿ. ಮೀಸಿ. ಹಿಂದ ಇನ್ನೊಂದು, ಸಣ್ಣದು.
ಎರಡೂ ಕೈಯಾಗ ಮೀನು ಹಿಡಿದು
ಕಬ್ಬು ಸಿಗಿದಂಗ ಕರಕರ ತಿಂತು,
ಮರೀಗೆ ಬಾಲದ ಕಡಿ ಬಿಟ್ಟು.
ತುಂಗಭದ್ರಾ ದಂಡಿಗೆ ಅಜ್ಜ ಒಮ್ಮೆ ತೋರಿಸಿದ್ದ:
ಮೂವತ್ತು ವರ್ಷದ ಹಿಂದ, ಬಟ್ಟಿ ಒಗಿಯಾಕ ಹೋದಾಗ.
ಕಾಲಿವಿ ಹಿಡಿದು ಇಲ್ಲೀತನಕ ಬಂದೈತೇನು?

ನನ್ನ ನೋಡಿತು.
ಡಬ್ಬಿ ನನ್ನ ತೊಡೀ ಮ್ಯಾಲಿತ್ತು.

ಹೋದ ವರ್ಷ ಹಂದಿಗೆ ಅಂತ ತಂದ ಕರೆಂಟಿನ ತಂತಿ
ಶೆಡ್ಡಿನಾಗ ಸುತ್ತಿ ಇಟ್ಟಾರ ಇನ್ನೂ.

ಅವು ಕಾಲಿವಿಗೆ ಇಳಿದ ಮ್ಯಾಲ
ಕೆಸರಿನಾಗ ಉಳಿದ ಹೆಜ್ಜಿ ನೋಡಿದೆ: ಐದೈದು ಬೆರಳು, ನಡಕ ತೊಗಲು.
ತೌಡಿನ ಚೀಲ ಅದರ ಮ್ಯಾಲೆ ಎಳಕೊಂಡು ಹೋದೆ,
ಹೋದೆ, ಹೊಳ್ಳಿ ಬಂದೆ.
ಆಮ್ಯಾಲ ಡಬ್ಬಿ ಬಡಿದೆ, ಜೋರಾಗಿ,
ಕ್ಯಾಂಪಿಗೆಲ್ಲ ಕೇಳೂವಂಗ.
ನೀರುಕಾಗಿ ಎದ್ದು ಆರನೇ ಹೊಂಡಕ್ಕ ಹೋಗಿ ಕುಂತವು.
ಅವಕ್ಕೂ ಗೊತ್ತು, ಇದು ಪಗಾರದ ಸಪ್ಪಳ.

ಎಂಟಕ್ಕ ಸಾವ್ಕಾರನ ಬೈಕು.
ದಂಡಿಗೆ ಬಿದ್ದ ಕಟ್ಲಾ ತಲಿ ಚಪ್ಪಲಿಲೆ ಹೊಳ್ಳಿಸಿ
'ಇದೇನಿದು ಈರಮ್ಮ?' ಅಂದ.

'ನಾಯಿ ಬಂದಿತ್ರೀ' ಅಂದೆ.
ಅರ್ಧ ಮಾತು ಹೊಂಡದಾಗ ಉಳೀತು.