ಹನ್ನೆರಡನೇ ತಟ್ಟು

ಕೆರಿಯಪ್ಪ ಗುಡ್ಡವನ್ನು ನೋಡುವುದಿಲ್ಲ, ಬಗೆಯುತ್ತಾನೆ.
ಹುಲಿಕಲ್ ಘಾಟಿಯ ಏಳನೇ ತಿರುವಿನ ಮೇಲೆ
ಸೊಂಟದಾಳ ಗುಂಡಿ ತೋಡಿ, ಗೋಡೆ ಸವರಿ,
ತರಕಾರಿ ಹೆಚ್ಚುವ ಚಾಕು ತೆಗೆದ.

ಮೇಲೆ ಮುಷ್ಟಿ ಹೋಗುತ್ತೆ, ಬರ್ಕೊಳಿ ಮೇಡಂ.
ಅದರ ಕೆಳಗೆ ನಾಲ್ಕು ಬೆರಳು.
ಜಂಬಿಟ್ಟಿಗೆಗೆ ಚಾಕೇ ಬೇಕು.
ಆಮೇಲೆ ಮಾತು ನಿಲ್ಲಿಸಿದ.
ಜಂಬಿಟ್ಟಿಗೆಯ ಅಡಿಗೆ ಶೇಡಿ ಮಣ್ಣು,
ಬೆಳ್ಳಗೆ, ಬೆಣ್ಣೆಯ ಹಾಗೆ.
ಒಂದು ಬೆರಳು ಸಲೀಸಾಗಿ ಒಳಗೆ ಹೋಯಿತು,
ಹೊರಬಂದಾಗ ತುದಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು.

ಹದಿನೇಳು ವರ್ಷ ಹಿಮ ಬಗೆದವನು ಇವನು,
ಲಡಾಖಿನ ಯಾವುದೋ ಠಾಣ್ಯದಲ್ಲಿ.
ಗಟ್ಟಿ ಹಿಮದಡಿ ಸಕ್ಕರೆಯಂಥ ಸಡಿಲು ಹರಳಿರುತ್ತಂತೆ,
ಮೇಲಿನದು ಗಟ್ಟಿಯಾದಷ್ಟೂ ಮೋಸವಂತೆ.
ಬಣ್ಣ ಬೇರೆ ಅಷ್ಟೆ ಮೇಡಂ, ಬುದ್ಧಿ ಒಂದೇ.

ಮಣ್ಣಿನದೊಂದು ಕಂಬ ಬಿಡಿಸಿ ನಿಲ್ಲಿಸಿ
ಸಲಿಕೆಯ ಅಲಗನ್ನು ಅದರ ನೆತ್ತಿಗಿಟ್ಟು
ಮಣಿಕಟ್ಟಿನಿಂದ ಹತ್ತು ತಟ್ಟು ತಟ್ಟಿದ.
ಎಣಿಸಿದೆ. ಏನೂ ಆಗಲಿಲ್ಲ.
ಮೊಣಕೈಯಿಂದ ಒಂದು.
ಎರಡು.
ಕಂಬ ಮುರಿಯಲಿಲ್ಲ, ಜಾರಿತು,
ಓರೆಯಾದ ತಟ್ಟೆಯಿಂದ ಹಾಲುಬಾಯಿ ಜಾರುವ ಹಾಗೆ,
ಅವನ ಮಂಡಿಯ ಮೇಲೆ ಬಂದು ಕೂತಿತು.
ಭುಜದಿಂದ ತಟ್ಟಬೇಕಾದ ಹತ್ತು ಹಾಗೇ ಉಳಿಯಿತು.

ಗೇಟು ಹಾಕಿಸಿದೆ.
ಮಾಸ್ತಿಕಟ್ಟೆಯಲ್ಲಿ ಕುಂದಾಪುರದ ಕೊನೇ ಬಸ್ಸು ನಿಂತಿತು.
ಕೆಳಗೆ ಹೊಸಂಗಡಿಯಲ್ಲಿ ಮೀನಿನ ಲಾರಿ ನಾರತೊಡಗಿತು.
ಯಾವಾಗ ಬೀಳುತ್ತೆ ಅಂತ ಹೇಳಿಬಿಡಿ,
ಅಷ್ಟರೊಳಗೆ ದಾಟಿಸ್ತೀನಿ, ಅಂದ ಡ್ರೈವರು.
ಮಡಿಲಲ್ಲಿ ಡಯಾಲಿಸಿಸ್ ಫೈಲು ಇಟ್ಟುಕೊಂಡ ಹೆಂಗಸು
ಏನೂ ಕೇಳಲಿಲ್ಲ.

ಆ ರಾತ್ರಿ ಗುಡ್ಡ ಬೀಳಲಿಲ್ಲ.
ಮರುದಿನವೂ.
ಮೂರನೇ ದಿನ ಮೋಡ ಹರಿದು ಬಿಸಿಲು ಬಿತ್ತು,
ಏಳನೇ ತಿರುವಿನಲ್ಲಿ ಮಂಗಗಳು ಕೂತು
ಒಂದರ ಹೇನು ಒಂದು ಹೆಕ್ಕಿದವು.
ಸಾಹೇಬರು ಫೋನಿನಲ್ಲಿ ನಕ್ಕರು: ಏನಮ್ಮ, ನಿನ್ನ ಗುಡ್ಡಕ್ಕೆ ರಜವಾ?

ತಪ್ಪಿತಾ ಕೆರಿಯಪ್ಪ ಅಂದೆ.
ಚಾಕುವಿನ ಶೇಡಿಯನ್ನು ಹುಲ್ಲಿಗೆ ಒರೆಸಿ ಒರೆಸಿ
ಬಹಳ ಹೊತ್ತಿನ ಮೇಲೆ ಹೇಳಿದ:
ಅಲ್ಲಿ ಒಂದ್ಸಲ ನನ್ನ ಲೆಕ್ಕ ಸರಿ ಬಂದಿತ್ತು.
ನಾಲ್ಕು ಜನ.
ಅವತ್ತಿಂದ ತಪ್ಪಲಿ ಅಂತಾನೇ ಎಣಿಸೋದು.

ಗೇಟು ಇನ್ನೂ ತೆಗೆಸಿಲ್ಲ.
ಫೈಲಿನ ಹೆಂಗಸು ಆಗುಂಬೆ ಸುತ್ತಿ ಹೋದಳಂತೆ,
ಯಾರದೋ ಜೀಪಿನಲ್ಲಿ.
ಹೊತ್ತಿಗೆ ತಲುಪಿದಳೋ ಇಲ್ಲವೋ
ಹೆಸರೂ ಬರೆದುಕೊಂಡಿಲ್ಲ, ಯಾರನ್ನು ಕೇಳಲಿ.