ಎರಡು ಕೀಲಿಯ ಬಾಗಿಲು

ಗುಳೇದಗುಡ್ಡದ ನಮ್ಮ ದೇವಾಲಯದ ಬಾಗಿಲಿಗೆ
ಈಗ ಎರಡು ಕೀಲಿ.
ಹಿತ್ತಾಳೆಯದು ಹಳೇ ಕಮಿಟಿಯದು.
ಹೊಸಬರದು ಬಾಗಲಕೋಟೆಯಿಂದ ತಂದದ್ದು,
ಅದರ ರಸೀದಿಯೂ ಕೋರ್ಟಿನ ಫೈಲಿನಲ್ಲಿದೆ.

ಜಗಳ ಏನೆಂದು ಕೇಳಬೇಡಿ,
ಹೇಳಲು ಕೂತರೆ ನಾನೂ ಒಂದು ಕಡೆಯವನಾಗುತ್ತೇನೆ.
ಮಿಷನ್ ಕಾಲದ ಜಾಗ, ಅದರ ಬಾಡಿಗೆ, ಒಂದು ಸಹಿ,
ಯಾರದೋ ಮಗಳ ಮದುವೆಯಲ್ಲಿ
ಓದದೇ ಬಿಟ್ಟ ಒಂದು ಹೆಸರು.
ಅಷ್ಟಕ್ಕೇ ನಾಲ್ಕು ವರ್ಷ.

ಒಂದು ಸಭೆ ಬೇವಿನ ಮರದ ಕೆಳಗೆ,
ಇನ್ನೊಂದು ಸೀಲಾಸಪ್ಪನ ಮಗ್ಗದ ಮನೆಯಲ್ಲಿ.
ನಡುವೆ ಬಿದ್ದ ಗೋಡೆ, ಎರಡು ಆಡು.
ಗೀತೆ ಅದೇ, ರಾಗ ಅದೇ,
ಅವರು ಅರ್ಧ ಸಾಲು ಮುಂದೆ
ಇವರು ಅರ್ಧ ಸಾಲು ಹಿಂದೆ.
ಆಡುಗಳು ಎರಡನ್ನೂ ಮೆಲುಕು ಹಾಕುತ್ತಿದ್ದವು.

ರೋದೆವ್ವ ಎರಡೂ ಕಡೆ ಹೋಗಲಿಲ್ಲ.
ಭಾನುವಾರ ಹೊತ್ತೇರುವ ಮೊದಲು
ಮುಚ್ಚಿದ ಬಾಗಿಲ ಮೆಟ್ಟಿಲು ಗುಡಿಸಿ
ಅಲ್ಲೇ ಕೂತು ಒಂದು ಅಧ್ಯಾಯ ಓದಿ
ಮೊಣಕಾಲು ಹಿಡಿದು ಎದ್ದು ಬರುವಳು.
ಯಾಕೆಂದರೆ,
"ಒಳಗ ಒಬ್ಬನ ಅದಾನಲ್ಲ, ಅವಂಗ ಬ್ಯಾಸರ ಆಗ್ತೈತಿ."

ಅರವತ್ತು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಸಿ
ಖಣ ನೇಯ್ದವಳು. ಆನೆಹೆಜ್ಜಿ, ತೇರು, ತುಳಸಿ:
ಊರ ಹೆಣ್ಣುಮಕ್ಕಳ ಕುಪ್ಪಸಕ್ಕೆ
ಅವರವರ ದೇವರನ್ನು ಎಳೆ ಎಣಿಸಿ ಕೊಟ್ಟವಳು,
ಬಾಯಲ್ಲಿ ಮಾತ್ರ ತನ್ನ ಭಾನುವಾರದ ಗೀತೆ.
ಲಾಳಿ ಒಂದು ದಿನವೂ ತಕರಾರು ಎತ್ತಲಿಲ್ಲ.

ಹೋದ ವರ್ಷ ಪಟ್ಟಿ ಹಿಡಿದ ಹುಡುಗರು ಬಂದರು.
"ಅಜ್ಜಿ, ನಿಮ್ಮವರನ್ನ ಏನು ಕೊಟ್ಟು ಕರಕೊಂಡ್ರು?"
ಅವಳು ಮಗ್ಗ ನಿಲ್ಲಿಸಲಿಲ್ಲ.
"ನಮ್ಮ ಮುತ್ಯಾನ ಮುತ್ಯಾನ್ನ ಕೇಳ್ರಿ.
ಸುಣ್ಣ ಹಚ್ಚಿದ ಮೂರನೇ ಸಮಾಧಿ.
ಕೊಟ್ಟದ್ದು ಏನರ ಉಳದಿದ್ರ
ನನಗೂ ಒಂದೀಟು ತಂದು ಕೊಡ್ರಪ್ಪ."
ಪೆನ್ನು ಹಿಡಿದವನ ತಾಯಿಯ ಮದುವೆಯ ಖಣ
ಅದೇ ಮಗ್ಗದ್ದು. ಅವನಿಗೆ ಗೊತ್ತಿತ್ತು.
ಆದರೂ ಬರೆದುಕೊಂಡ.

ಆ ವಾರ ಎರಡೂ ಸಭೆ
ದನಿ ಇಳಿಸಿ ಹಾಡಿದವು.
ಆಡುಗಳಿಗೆ ಏನೂ ಸಿಗಲಿಲ್ಲ.

ಅವಳು ತೀರಿಕೊಂಡದ್ದು ಶನಿವಾರ ರಾತ್ರಿ.
ಹೆಣದ ಗಾಡಿ ಹಳಬರ ಕಡೆ,
ಸಮಾಧಿ ತೋಟದ ಗೇಟಿನ ಕೈ ಹೊಸಬರ ಕಡೆ,
ಮರಣದ ರಜಿಸ್ಟರು ವಕೀಲರ ಕಪಾಟಿನಲ್ಲಿ.
ಅವಳ ಹೆಸರು ಯಾರ ಪಟ್ಟಿಯಲ್ಲೂ ಇಲ್ಲ,
ಆ ಹುಡುಗರದೊಂದನ್ನು ಬಿಟ್ಟು.

ತಲೆದಿಂಬಿನ ಕೆಳಗೆ ಒಂದು ಗಂಟು ಸಿಕ್ಕಿತು.
ಹತ್ತರ ನಾಣ್ಯ, ಇನ್ನೂರಾ ಆರು.
ವಾರಕ್ಕೊಂದು ಕಾಣಿಕೆ, ತಟ್ಟೆ ಹಿಡಿಯುವವರಿಲ್ಲದೆ
ಕಟ್ಟಿಟ್ಟುಕೊಂಡದ್ದು.
ನಾವು ಬೆರಳು ಮಡಿಸಿ ಲೆಕ್ಕ ಹಾಕಿದೆವು:
ಎರಡು ಭಾನುವಾರ ಕಮ್ಮಿ.
"ಜ್ವರ ಇತ್ತು," ಅಂದಳು ಮೊಮ್ಮಗಳು.

ಯಾರ ಖಾತೆಗೆ?
ಎಜ್ರಾ ಮಾಸ್ತರರು ನೆಲ ನೋಡಿದರು.
ಫಿಲೆಮೋನ ಛಾವಣಿ ನೋಡಿದ.

ಗಾಡಿ ಬಂತು. ಪದ್ಧತಿಯಂತೆ ಮೊದಲು ದೇವಾಲಯದ ಮುಂದೆ ನಿಂತಿತು.
ಮೊಮ್ಮಗಳ ಮಗ, ನಾಲ್ಕರ ಪೋರ,
ಎಲ್ಲರೂ ಸುಮ್ಮನಿದ್ದದ್ದು ನೋಡಿ
ಓಡಿ ಹೋಗಿ ಬಾಗಿಲು ತಟ್ಟಿದ.
ಒಳಗಿನಿಂದ ಯಾರಾದರೂ ತೆಗೆದಾರು ಎಂಬಂತೆ
ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಹೊಸ ಕೀಲಿ ಬೇಗ ಬಿಟ್ಟುಕೊಟ್ಟಿತು.
ಹಿತ್ತಾಳೆಯದು ಕಚ್ಚಿಕೊಂಡಿತ್ತು,
ಸೀಲಾಸಪ್ಪ ಮಗ್ಗದ ಎಣ್ಣೆ ತಂದು ಬಿಡಬೇಕಾಯಿತು.
ಆತನಕ ಹೊಸಬರು ಕಾದರು,
ಬಿಸಿಲಲ್ಲಿ, ಚಪ್ಪಲಿ ಕಳಚಿ.

ಒಳಗೆ ಧೂಳು, ಪಾರಿವಾಳದ ಗರಿ.
ಗೀತೆ ಶುರುವಾದಾಗ
ಎರಡೂ ಕಡೆಯವರು ಒಮ್ಮೆ ತಡವರಿಸಿ
ಒಬ್ಬರಿಗೊಬ್ಬರು ಕಾದು, ಮತ್ತೆ ತಪ್ಪಿ,
ಮೂರನೇ ಚರಣಕ್ಕೆ ಹೇಗೋ ಕೂಡಿಕೊಂಡೆವು.

ರಾಜಿಯಾಯಿತೆಂದು ತಿಳಿಯಬೇಡಿ.
ಸಂಜೆ ಎರಡೂ ಕೀಲಿ ಮತ್ತೆ ಬಿದ್ದವು,
ಮುಂದಿನ ತಿಂಗಳು ತಾರೀಖು ಇದೆ.
ಗಂಟು ಮಾತ್ರ ಒಳಗೆ ಮೇಜಿನ ಮೇಲೇ ಇದೆ.
ಮುಟ್ಟಲು ಇಬ್ಬರೂ ಒಟ್ಟಿಗೇ ಬರಬೇಕು.

ಈ ಭಾನುವಾರ ನಸುಕಿನಲ್ಲಿ ನಾನು ಹೋದಾಗ
ಮೆಟ್ಟಿಲು ಆಗಲೇ ಯಾರೋ ಗುಡಿಸಿದ್ದರು.
ಪೊರಕೆಯ ಗೆರೆ ಇನ್ನೂ ಹಸಿ.
ಯಾವ ಕಡೆಯವರೆಂದು
ನಾನು ಹೆಜ್ಜೆಗುರುತು ಹುಡುಕಲಿಲ್ಲ.