ಕಬ್ಬಿಣ

ಮೂವತ್ತು ಸೆಕೆಂಡಿಗೆ ಒಂದು ಪುಟ.
ಎಂಟು ಗಂಟೆ ಮಲಗಿದರೆ ಒಂಬೈನೂರ ಅರವತ್ತು.
ಬಳ್ಳಾರಿಯ ಎಷ್ಟೋ ಮಂದಿಯನ್ನು
ಹೀಗೆ ಪುಟ ಪುಟ ಓದಿದ್ದೇನೆ,
ಅವರಿಗೇ ಗೊತ್ತಿಲ್ಲದ ಅವರನ್ನು.

ಆಸ್ಪತ್ರೆಯ ಮೂರನೇ ಮಹಡಿ,
ಎಕ್ಸ್‌ರೇ ಪಕ್ಕ ನಿದ್ದೆಯ ಕೋಣೆ. ಮಂಚ ಒಂದೇ.
ಗಾಜಿನ ಈಚೆ ನಾನು, ಫ್ಲಾಸ್ಕು, ಮಾನಿಟರು.
ನೆತ್ತಿಗೆ ಟೇಪು ಹಿಡಿದು, ಕೆಂಪು ಪೆನ್ಸಿಲಿನ ಗುರುತು ಹಾಕಿ,
ಪೇಸ್ಟು ಮೆತ್ತಿ, ವೈರು ಕೂರಿಸಿ
"ಈಗ ಆರಾಮಾಗಿ ಮಲಕ್ಕೊಳ್ಳಿ" ಎನ್ನುವುದು ನನ್ನ ಕೆಲಸ.
ಇಪ್ಪತ್ತೆರಡು ವೈರು ಹೊತ್ತು ಯಾರು ಮಲಗ್ತಾರೆ?
ಮಲಗ್ತಾರೆ. ಅದೇ ಆಶ್ಚರ್ಯ.

ಎರ್ರಿಸ್ವಾಮಿ ಅದಿರಿನ ಲಾರಿಯವನು.
ಸಂಡೂರಿನ ಇಳಿಜಾರಿನಲ್ಲಿ ಕಣ್ಣು ಮುಚ್ಚಿದ್ದು ಎರಡು ಸಲ:
ಒಮ್ಮೆ ಬೇವಿನ ಮರ ತಡೆಯಿತು,
ಒಮ್ಮೆ ಕ್ಲೀನರ್ ಹುಡುಗನ ಕೂಗು.
ಗಂಟೆಗೆ ನಲವತ್ತೊಂದು ಸಲ ಅವನ ಉಸಿರು
ಗೇರು ಬೀಳದ ಲಾರಿಯಂತೆ ಗಂಟಲಲ್ಲೇ ನಿಂತು,
ಜಗ್ಗಿ, ಮತ್ತೆ ಹೊರಡುತ್ತದೆ.
ಮಾಸ್ಕು ಹಾಕಿ ಗಾಳಿ ಬಿಟ್ಟೆ. ಗೆರೆ ಸಮವಾಯಿತು,
ನಡುರಾತ್ರಿಯ ಹೊಸಪೇಟೆ ರಸ್ತೆಯಂತೆ.
ವಾರದ ಮೇಲೆ ಹೆಂಡತಿಯ ಫೋನು:
"ಸಪ್ಪಳಿಲ್ದೆ ನಂಗೆ ನಿದ್ದೇನೇ ಬರವಲ್ದು ಮೇಡಂ,
ಮೂಗಿನ ಹತ್ರ ಕೈ ಇಟ್ಟು ನೋಡ್ತಾ ಕುಂತಿರ್ತೀನಿ."
ಅವಳ ರೋಗಕ್ಕೆ ನಮ್ಮಲ್ಲಿ ಫಾರ್ಮು ಇಲ್ಲ.

ಸುಂಕಣ್ಣ ರೈಲ್ವೆ ಗೇಟ್‌ಮನ್, ರಿಟೈರಾಗಿ ಆರು ವರ್ಷ.
ಬೆಳಗಿನ ನಾಲ್ಕಕ್ಕೆ, ಕನಸು ಗಟ್ಟಿಯಾಗುವ ಹೊತ್ತಿಗೆ,
ಮಲಗಿದಲ್ಲೇ ಎರಡೂ ಕೈ ಎತ್ತಿ ಗೇಟು ಇಳಿಸುತ್ತಾರೆ.
ಇಳಿಸದಿದ್ದರೆ ಯಾವ ಎಮ್ಮೆಯೋ, ಯಾವ ಸ್ಕೂಲ್ ಆಟೋವೋ.
ಹೆಂಡತಿಯ ಮೊಣಕೈಗೆ ಬ್ಯಾಂಡೇಜು.
ಡಾಕ್ಟರು ಸಣ್ಣ ಗುಳಿಗೆ ಬರೆದರು,
ಮಂಚ ತೆಗೆದು ನೆಲಕ್ಕೆ ಹಾಸಿಗೆ ಹಾಕಿ, ನಡುವೆ ದಿಂಬಿಡಿ ಎಂದರು.
ಹಗಲು ಕೈ ನಡುಗುತ್ತದೇನು ಎಂದು ಮೂರು ಸಲ ಕೇಳಿದರು.
ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದರು.
ಯಾಕೆಂದು ನನಗೆ ಗೊತ್ತು.
ತಲೆ ತಗ್ಗಿಸಿ ಪೇಸ್ಟು ಒರೆಸುತ್ತಿದ್ದೆ.

ನಾನು ಹೇಳಹೊರಟದ್ದು ಮಾತ್ರ ಖೈರುನ್‌ಬಿಯ ಕಾಲಿನ ಮಾತು.
ಕೌಲ್ ಬಜಾರಿನ ಜೀನ್ಸ್ ಯೂನಿಟ್ಟು. ಪೀಸಿನ ಲೆಕ್ಕ.
ಹಗಲೆಲ್ಲ ಮಿಶನ್ನು ತುಳಿದ ಕಾಲು
ರಾತ್ರಿ ಹಾಸಿಗೆಯಲ್ಲೂ ತುಳಿಯುತ್ತದೆ.
"ಎಲುಬಿನೊಳಗೆ ಇರುವೆ ಹರದಂಗೆ. ಎದ್ದು ಅಡ್ಡಾಡಿದ್ರೆ ಸುಮ್ನಾಗ್ತಾವೆ,
ಮಲಗಿದ್ರೆ ಮತ್ತೆ ಡ್ಯೂಟಿಗೆ ಬರ್ತಾವೆ."
ಅತ್ತೆ ತಾಯತ ಕಟ್ಟಿಸಿದ್ದಳು,
ಔಷಧಿ ಅಂಗಡಿಯವ ನಿದ್ದೆಗುಳಿಗೆ ಕೊಟ್ಟಿದ್ದ.
ತಾಯತದಿಂದ ಕೆಟ್ಟದ್ದೇನೂ ಆಗಿರಲಿಲ್ಲ.

ಮಾನಿಟರಿನ ಮೇಲೆ ಅವಳ ಮೀನಖಂಡದ ಗೆರೆ:
ಇಪ್ಪತ್ತೈದು ಸೆಕೆಂಡಿಗೊಂದು ಹೊಲಿಗೆ,
ಅಳತೆ ತಪ್ಪದ ಹೊಲಿಗೆ, ರಾತ್ರಿಯ ಉದ್ದಕ್ಕೂ,
ಯಾವ ಪ್ಯಾಂಟಿಗೂ ಸೇರದ್ದು.

ರಕ್ತದ ಚೀಟಿ ಬಂತು. ಕಬ್ಬಿಣದ ದಾಸ್ತಾನು
ಎಪ್ಪತ್ತೈದಾದರೂ ಇರಬೇಕಾದಲ್ಲಿ ಆರು.
ಕಿಟಕಿಯಾಚೆ ಗೂಡ್ಸು ಕೂಗಿತು,
ಡಬ್ಬಿ ಡಬ್ಬಿ ಗುಡ್ಡ ಹೊತ್ತು ಬಂದರಿನ ಕಡೆಗೆ.
ಅವಳು ಕಿಟಕಿಯ ಕಟ್ಟೆಯ ಕೆಂಪು ಧೂಳು ಬೆರಳಲ್ಲಿ ಒರೆಸಿ ನೋಡಿದಳು.
"ಊರ ತುಂಬ ಬಿದ್ದೈತಲ್ಲ ಮೇಡಂ,
ನನ್ನೊಳಗೆ ಬರಾಕೆ ಇದಕ್ಕೇನು ಧಾಡಿ?"

ದಿನ ಬಿಟ್ಟು ದಿನ ಒಂದು ಗುಳಿಗೆ, ನಿಂಬೆ ನೀರಿನಲ್ಲಿ.
ಅದರ ಹಿಂದೆಮುಂದೆ ಟೀ ಬೇಡ ಅಂದೆ.
"ಟೀ ಬೇಡವಾ?"
ಆಗಷ್ಟೇ ಮುಖದಲ್ಲಿ ರೋಗಿಯ ಭಯ ಕಂಡದ್ದು.

ಮೂರು ತಿಂಗಳಿಗೆ ಬಂದಳು. ಜಗಳಕ್ಕೆ.
"ಬೆಳಗಾಗಿದ್ದೇ ತಿಳೀಲಿಲ್ಲ. ಎದ್ದಾಗ ಒಂಬತ್ತು.
ಅರ್ಧ ದಿನದ ಪೀಸು ಹೋಯ್ತು, ನೀವು ಕೊಡ್ತೀರೇನು?"
ಮೇಸ್ತ್ರಿಯನ್ನು ಬೈದಳು, ನನ್ನನ್ನು ಬೈದಳು,
ನಗು ತಡೆಯಲಾರದೆ ಕುರ್ಚಿ ಹಿಡಿದಳು.
ಆಮೇಲೆ ಚೀಲದಿಂದ ತೆಗೆದದ್ದು ದಪ್ಪನೆಯ ಪರದೆ,
ಕಪ್ಪು ಡೆನಿಮ್ಮಿನ ತುಂಡು ತುಂಡು ಸೇರಿಸಿ ಹೊಲಿದದ್ದು.
"ನೀವು ಹಗಲು ಮಲಗೋರಲ್ಲ."

ಯಾವ ರೋಗಿಯೂ ಅದನ್ನು ಯೋಚಿಸಿರಲಿಲ್ಲ.
ನಾನೂ.

ಈಗ ಹತ್ತು ಗಂಟೆ. ಬಂಡೆ ಬೆಟ್ಟ ಕಾಯತೊಡಗಿದೆ,
ಬೀದಿಯಲ್ಲಿ ಸೊಪ್ಪಿನವಳ ಕೂಗು.
ಪರದೆ ಎಳೆದರೆ ಕೋಣೆ ಬಾವಿಯಷ್ಟು ಕತ್ತಲು.
ಅದರಲ್ಲೊಂದು ಜೇಬೂ ಇದೆ, ರಿಜೆಕ್ಟಾದ ಪ್ಯಾಂಟಿನದು,
ಬಿಚ್ಚಲು ಮರೆತಳೋ, ಬೇಕೆಂದೇ ಬಿಟ್ಟಳೋ.
ಫೋನು ಆರಿಸಿ ಅದರೊಳಗೆ ಇಡುತ್ತೇನೆ.